ಬೆಲ್ಟು ಬಿಟ್ಟುಕೊಟ್ಟ ಕೊರಳು

ಹೆಗಲ ಮೇಲೆ ಬೈರಾಸು ಇಲ್ಲದೆ ಗದ್ದೆಗೆ ಇಳಿಯುವುದು ನನಗಿನ್ನೂ ಅಭ್ಯಾಸವಾಗಿಲ್ಲ. ನಮ್ಮ ಕಡೆ ಗಂಡಸಿಗೆ ಅಂಗಿ ಇಲ್ಲದಿದ್ದರೂ ನಡೆಯುತ್ತದೆ, ಬೈರಾಸು ಬೇಕು. ಬೆವರು ಒರೆಸಲು, ತಲೆಗೆ ಸುತ್ತಲು, ಕಟ್ಟೆಯ ಧೂಳು ಕೊಡವಿ ಕುಳಿತುಕೊಳ್ಳಲು, ಹೆಂಡತಿಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗ ಮುಖ ಒರೆಸಿಕೊಳ್ಳುತ್ತಾ ಸಮಯ ಕಳೆಯಲು ಆ ಒಂದು ತುಂಡು ಬಟ್ಟೆ ಸಾಕು. ಇಂಥ ಸಾಧು ವಸ್ತು ಒಂದು ದಿನ ನನ್ನ ಕೊರಳನ್ನೇ ಹಿಡಿದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ. ಇದನ್ನು ಬರೆಯುವಾಗಲೂ ಎಡಗೈ ಆಗಾಗ ಹೋಗಿ ಕೊರಳನ್ನು ಮುಟ್ಟಿ ನೋಡುತ್ತಿದೆ.

ನಾನು ಕಾಪುವಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು. "ಕೊರಳು ನೇರ ಮಾಡಿ, ಸ್ವಲ್ಪ ಎಡಕ್ಕೆ, ಹಾಂ, ಸಾಕು" ಎನ್ನುತ್ತಲೇ ಅರ್ಧ ಆಯುಷ್ಯ ಕಳೆದೆ. ದುಬೈಗೂ ಕುವೈತಿಗೂ ಹೋದ ಎಷ್ಟೋ ಕೊರಳುಗಳು ನಾನು ಪಾಸ್‌ಪೋರ್ಟ್ ಫೋಟೋಕ್ಕೆಂದು ನೇರ ಮಾಡಿ ಕಳಿಸಿದವು. ಯಾವುದು ನೇರ, ಯಾವುದು ವಾರೆ ಎಂದು ಹೇಳುವುದರಲ್ಲಿ ನನ್ನ ಕಣ್ಣಿಗೆ ಸಮ ಇಲ್ಲ ಎಂಬ ಜಂಬ ಬಂದದ್ದು ಹಾಗೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು, ಜಂಬ ಮುಚ್ಚಲಿಲ್ಲ. ಶಿರ್ವದ ಹತ್ತಿರದ ಮನೆಯಲ್ಲಿ ಕುಳಿತು ತರಕಾರಿ ಬೆಳೆಯುತ್ತೇನೆಂದು ಒಂದು ಪುಟ್ಟ ಟ್ರ್ಯಾಕ್ಟರನ್ನೂ ಅದರ ಬೆನ್ನಿಗೆ ಸಿಕ್ಕಿಸುವ ಟಿಲ್ಲರನ್ನೂ ಸೆಕೆಂಡ್ ಹ್ಯಾಂಡಿನಲ್ಲಿ ತಂದೆ.

ಟಿಲ್ಲರಿನ ಸಂಗತಿ ಬಹಳ ಸರಳ. ಎರಡು ಪುಲ್ಲಿ ಚಕ್ರ, ಅವನ್ನು ಬಳಸಿ ಓಡುವ ಒಂದು ಬೆಲ್ಟು. ಎಂಜಿನಿನ ಬಲ ಬೆಲ್ಟಿನ ಮೂಲಕ ಹಲ್ಲುಗಳಿಗೆ ಹೋಗುತ್ತದೆ, ಹಲ್ಲುಗಳು ಮಣ್ಣನ್ನು ಹುಡಿ ಮಾಡುತ್ತವೆ. ಪುಲ್ಲಿಗಳೆರಡೂ ಒಂದೇ ಗೆರೆಯಲ್ಲಿ ನಿಂತರೆ ಸರಿ. ಇಲ್ಲದಿದ್ದರೆ ಬೆಲ್ಟು ಅಂಚಿಗೆ ಸರಿದು ಸರಿದು ಟಪ್ಪೆಂದು ಹಾರುತ್ತದೆ. ನನ್ನದು ಗದ್ದೆಗೆ ಒಂದು ಸುತ್ತು ಹಾಕುವುದರೊಳಗೆ ಹಾರುತ್ತಿತ್ತು. ಭತ್ತದ ಕೊಯ್ಲು ಮುಗಿದಿತ್ತು, ಮಣ್ಣಿನ ತೇವ ಆರುವ ಮೊದಲು ಅಲಸಂಡೆ ಬಿತ್ತಬೇಕಿತ್ತು. ನಾನು ಬೋಲ್ಟು ಸಡಿಲಿಸಿ, ಪುಲ್ಲಿ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಸಾಕು" ಎಂದು ಬಿಗಿಯುತ್ತಿದ್ದೆ. ಅದು ಮತ್ತೆ ಹಾರುತ್ತಿತ್ತು. ಆ ಬೆಲ್ಟಿಗೆ ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆಯುವ ಹಾಗಿಲ್ಲ.

ನೆರೆಮನೆಯ ಫೆಲಿಕ್ಸ್ ಪೇಟೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುವವರು. ಬೇಲಿಯಾಚೆಯಿಂದ ನೋಡಿ ಹೇಳಿದರು: "ಕಣ್ಣನ್ನು ನಂಬಬೇಡಿ ಮಾರಾಯ್ರೆ. ಎರಡು ಪುಲ್ಲಿಯ ಮುಖಕ್ಕೂ ಸೇರಿಸಿ ಒಂದು ಹುರಿ ಎಳೆದು ಹಿಡಿಯಿರಿ. ಒಂದೊಂದರ ಎರಡೆರಡು ಅಂಚು, ನಾಲ್ಕು ಕಡೆಯೂ ತಾಗಿದರೆ ನೇರ ಉಂಟು ಅಂತ ಲೆಕ್ಕ." ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗೂ ಗೊತ್ತು. ಆದರೆ ನನ್ನ ಕಣ್ಣಿಗೆ ಒಂದು ಹುರಿಯ ಸಾಕ್ಷಿ ಬೇಕೇ? ನಿಂತಾಗ ನೇರ ಕಾಣುವುದು ಓಡುವಾಗ ಎಲ್ಲಿ ವಾರೆಯಾಗುತ್ತದೆಂದು ನೋಡಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಮರುದಿನ ಬೆಳಿಗ್ಗೆ ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ಬಿಚ್ಚಿಟ್ಟು, ಟಿಲ್ಲರನ್ನು ನೆಲದಿಂದ ಎತ್ತಿ, ಎಂಜಿನು ಚಾಲೂ ಮಾಡಿದೆ. ಚಳಿ ಇತ್ತೆಂದು ಬೈರಾಸನ್ನು ಕೊರಳಿಗೆ ಒಂದು ಸುತ್ತು ಸುತ್ತಿದ್ದೆ. ಬಗ್ಗಿದೆ. ಒಂದು ಕಣ್ಣು ಮುಚ್ಚಿದೆ. ಬೈರಾಸಿನ ತುದಿ ಯಾವಾಗ ಜಾರಿ ಬೆಲ್ಟಿಗೆ ಸಿಕ್ಕಿತೋ ತಿಳಿಯದು. ಯಾರೋ ಹಿಂದಿನ ದ್ವೇಷ ಇಟ್ಟುಕೊಂಡವರು ಎಳೆದಂತೆ ಕೊರಳು ಮುಂದಕ್ಕೆ ಹೋಯಿತು, ಕೆನ್ನೆ ಬಿಸಿ ಕಬ್ಬಿಣಕ್ಕೆ ತಾಗಿತು, ಉಸಿರು ನಿಂತಿತು. ಕೂಗಲಿಕ್ಕೂ ಆಗಲಿಲ್ಲ. ಆಗ ಕೇಳಿತು, ಟಪ್!

ಬೆಲ್ಟು ಹಾರಿತ್ತು. ಬೈರಾಸು ಸಡಿಲವಾಯಿತು. ನಾನು ಹಿಂದಕ್ಕೆ ಬಿದ್ದೆ. ಬಿದ್ದವನ ಬಾಯಿಂದ ಅಭ್ಯಾಸಬಲದಿಂದ ಹೊರಟ ಮೊದಲ ಮಾತು, "ಹಾಳಾದ ಬೆಲ್ಟು, ಮತ್ತೆ ಹಾರಿತು!"

ಹರಿವೆ ಸೊಪ್ಪು ಕೊಯ್ಯುತ್ತಿದ್ದ ನನ್ನ ಹೆಂಡತಿ ಸುನಂದಾ ಓಡಿ ಬಂದು ಕೀ ತಿರುಗಿಸಿದಳು. ಅವಳು ಕೇಳಿದ್ದು ಒಂದೇ: "ಉಸಿರು ಬರ್ತಾ ಉಂಟಲ್ವಾ?" ನಾನು ತಲೆಯಾಡಿಸಿದೆ. ಸಣ್ಣ ತಪ್ಪಿಗೆ ಸಂಜೆವರೆಗೆ ಬೈಯುವವಳು ಅಂದು ಒಂದು ಮಾತೂ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದರಿಂದಲೇ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ತಮಾಷೆ ಮಾಡಲು ಹೊರಟೆ, ಬರೀ ಕೆಮ್ಮು ಬಂತು. ಸದ್ದು ಕೇಳಿ ಬೇಲಿ ದಾಟಿ ಬಂದ ಫೆಲಿಕ್ಸ್, ಹರಿದ ಬೈರಾಸನ್ನು ಪುಲ್ಲಿಯಿಂದ ಬಿಡಿಸುವಾಗ ಶಿಲುಬೆಯ ಗುರುತು ಮಾಡಿಕೊಂಡರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಎಂಜಿನು ಚಾಲೂ ಮಾಡದೆಯೇ, ಹುರಿ ಹಿಡಿದೆವು. ನಾನು ಇಷ್ಟು ದಿನ ನೇರ ಎಂದು ಪ್ರಮಾಣ ಮಾಡುತ್ತಿದ್ದ ಪುಲ್ಲಿಯ ಒಂದು ಬದಿಗೆ ಹುರಿ ತಾಗಲೇ ಇಲ್ಲ, ನಡುವೆ ಬೆರಳು ತೂರುವಷ್ಟು ಜಾಗ! ಹಾಗಾದರೆ ವಿದೇಶಕ್ಕೆ ಹೋದ ಆ ಕೊರಳುಗಳ ಗತಿ ಏನಾಗಿದ್ದೀತು ಎಂದು ಅಷ್ಟರ ನಡುವೆಯೂ ಚಿಂತೆಯಾಯಿತು. ವಾಷರು ಕೊಟ್ಟು, ಪುಲ್ಲಿ ಸರಿಸಿ, ನಾಲ್ಕೂ ಕಡೆ ತಾಗುವಂತೆ ಮಾಡಿ ಬಿಗಿದೆವು. ಗದ್ದೆ ಪೂರ್ತಿ ಹೊಡೆದೆ. ಬೆಲ್ಟು ಒಮ್ಮೆಯೂ ಹಾರಲಿಲ್ಲ.

ಸಂತೋಷಪಡಬೇಕಿತ್ತು. ಆದರೆ ಅದು ಚೂರೂ ಅಲುಗದೆ ಓಡುತ್ತಿದೆಯೆಂದು ಗೊತ್ತಾದಾಗ ನನ್ನ ಮೈ ಜುಮ್ಮೆಂದಿತು. ವಾರೆಯಾಗಿದ್ದ ಬೆಲ್ಟು ನನ್ನನ್ನು ಬಿಟ್ಟುಕೊಟ್ಟಿತು. ನೇರವಾದ ಇದು ಬಿಡುವಂಥದ್ದಲ್ಲ. ರಿಪೇರಿ ಸರಿಯಾದಷ್ಟೂ ಹೆದರಬೇಕಾದ ಯಂತ್ರವನ್ನು ನಾನು ನನ್ನ ಕೈಯಾರೆ ಮಾಡಿಟ್ಟಿದ್ದೆ.

ಈಗ ತಗಡಿನ ಮುಚ್ಚಳ ಹಾಕದೆ ಎಂಜಿನು ಚಾಲೂ ಮಾಡುವುದಿಲ್ಲ. ಹೊಸ ಬೈರಾಸನ್ನು ಮೊದಲು ನುಗ್ಗೆಮರದ ಗೆಲ್ಲಿಗೆ ತೂಗುಹಾಕಿ, ಬೋಳು ಕೊರಳಿನಲ್ಲಿ ಗದ್ದೆಗೆ ಇಳಿಯುತ್ತೇನೆ. ಎಂಜಿನಿನ ಸದ್ದು ಕೇಳಿದೊಡನೆ ಸುನಂದಾ ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. ನನ್ನನ್ನು ನೋಡುವುದಿಲ್ಲ. ನುಗ್ಗೆಯ ಗೆಲ್ಲನ್ನು ನೋಡುತ್ತಾಳೆ, ಅಲ್ಲಿ ಬೈರಾಸು ಕಂಡರೆ ಒಳಗೆ ಹೋಗುತ್ತಾಳೆ.