ಜೂನ್ ಒಂದರಂದು ಹುಟ್ಟಿದವರು

ಕಳೆದ ವಾರ ಪಕ್ಕದ ಮನೆ ಆಂಟಿ ಒಂದು ದೊಡ್ಡ ಚೀಲದ ತುಂಬ ಬಟ್ಟೆ ತಂದು ನನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟರು. "ಹೋಗ್ತಾ ಡೊನೇಶನ್ ಡಬ್ಬಕ್ಕೆ ಹಾಕ್ಬಿಡಮ್ಮ" ಅಂದರು. ಸಿಗ್ನಲ್ಲಿನಲ್ಲಿ ನಿಂತಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಚೀಲದ ಬಾಯಿಂದ ಒಂದು ನೀಲಿ ತೋಳು ಆಚೆ ಬಂದಿತ್ತು. ತುದಿಯನ್ನು ಒಳಕ್ಕೆ ಮಡಿಸಿ ಕೈಹೊಲಿಗೆ ಹಾಕಿದ ತೋಳು. ಮೇಷ್ಟ್ರ ಜಾಕೆಟ್ಟು... ಅಲ್ಲ, ಮೇಷ್ಟ್ರದ್ದು ಅನ್ನುವುದೂ ಸರಿಯಲ್ಲ. ಉಳಿದದ್ದನ್ನೆಲ್ಲ ಡಬ್ಬಕ್ಕೆ ಹಾಕಿ ಅದೊಂದನ್ನು ಮನೆಗೆ ವಾಪಸ್ ತಂದೆ.

ಆಂಟಿಯ ಯಜಮಾನರನ್ನು ನಾನು ಮೇಷ್ಟ್ರೇ ಅಂತ ಕರೆಯುತ್ತಿದ್ದೆ. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿ, ಆಮೇಲೆ ಇಲ್ಲಿನ ಕಾಲೇಜಿನಲ್ಲೂ ಅದನ್ನೇ ಮಾಡಿ, ರಿಟೈರ್ ಆಗಿ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ ತೆಗೆದುಕೊಂಡಿದ್ದರು. ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ನಂಬುತ್ತಿರಲಿಲ್ಲ. ಹಣ್ಣಿನ ಮೇಲೆ ಆರ್ಗ್ಯಾನಿಕ್ ಅಂತ ಸ್ಟಿಕರ್ ಇದ್ದರೆ, "ಅಂಟಿಸಿದೋನು ಯಾರು, ಅದನ್ನ ಹೇಳು" ಅನ್ನುತ್ತಿದ್ದರು. ನಾನು ಉಪ್ಪಿನಕಾಯಿ ಕೊಟ್ಟರೆ, ನೀನೇ ಹಾಕಿದ್ದಾ ಅಂಗಡಿದಾ ಅಂತ ನನ್ನ ಮುಖ ನೋಡುತ್ತಿದ್ದರು. ಬೇಡದಿದ್ದರೆ ಬಿಡಿ ಅಂತ ನಾನೂ ಮುಖದ ಮೇಲೇ ಹೇಳುತ್ತಿದ್ದೆ.

ನಿಜ ಹೇಳಬೇಕೆಂದರೆ ಅವರ ಮೇಲೆ ನನಗೂ ಅನುಮಾನವಿತ್ತು. ಶನಿವಾರ ಬಂತೆಂದರೆ ಬೈನಾಕ್ಯುಲರ್, ಟೋಪಿ, ಹುರಿದ ಕಡ್ಲೆಕಾಯಿ ಕಟ್ಟಿಕೊಂಡು ಎಲ್ಲಿಗೋ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಹಿತ್ತಲಿನ ನಿಂಬೆಗಿಡದ ಹತ್ತಿರ ನಿಂತು ಫೋನಿನಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ಅವನನ್ನ ಇಟ್ಕೊಳ್ಳಿ, ಇವನನ್ನ ಕೊಟ್ಬಿಡಿ, ಆ ಎತ್ತರದವನ ಭುಜ ಬಹಳ ದಿನ ಬರಲ್ಲ ಅಂತೆಲ್ಲ ಇಂಗ್ಲಿಷಿನಲ್ಲಿ. ಇದೇನಪ್ಪ, ಈ ವಯಸ್ಸಿನಲ್ಲಿ ಮನುಷ್ಯರ ವ್ಯಾಪಾರಕ್ಕೆ ಇಳಿದಿದ್ದಾರಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಹೆಚ್ಚುಕಮ್ಮಿ ಅದೇ ಕೆಲಸವೇ.

ಲಾಸ್ ಏಂಜಲಿಸ್ ಕಡೆಯ ಒಂದು ಬೇಸ್‌ಬಾಲ್ ತಂಡಕ್ಕೆ ಮೇಷ್ಟ್ರು ಸಲಹೆ ಕೊಡುತ್ತಿದ್ದರು. ದೊಡ್ಡ ತಂಡದ ಕೈಕೆಳಗೆ ಸಣ್ಣಪುಟ್ಟ ಊರುಗಳಲ್ಲಿ ಮರಿ ತಂಡಗಳಿರುತ್ತವೆ. ಅಲ್ಲಿ ಎಳೆ ಹುಡುಗರು ಪಳಗುತ್ತಾರೆ. ಪ್ರತಿ ಬೇಸಿಗೆ ಆ ಹುಡುಗರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬೇರೆ ತಂಡಕ್ಕೆ ಕೊಟ್ಟು ಪಳಗಿದ ಆಟಗಾರನನ್ನು ತರಬೇಕು ಅಂತ ತೀರ್ಮಾನವಾಗಬೇಕು. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವಯಸ್ಸು. ಹದಿನೆಂಟರವನು ಚೆನ್ನಾಗಿ ಆಡಿದರೆ ಬಂಗಾರ, ಅದೇ ಆಟವನ್ನು ಇಪ್ಪತ್ತೆರಡರವನು ಆಡಿದರೆ ಸಾಧಾರಣ.

ನ್ಯೂಯಾರ್ಕಿನಲ್ಲಿ ಅವಳಿ ಕಟ್ಟಡ ಬಿದ್ದ ಮರುವರ್ಷದ ಮಾತು ಇದು. ವೀಸಾ ತಪಾಸಣೆ ಬಿಗಿಯಾಗಿತ್ತು. ನಮ್ಮನ್ನೂ ಏರ್‌ಪೋರ್ಟಿನಲ್ಲಿ ಪಕ್ಕಕ್ಕೆ ನಿಲ್ಲಿಸುತ್ತಿದ್ದ ಕಾಲ. ಹಾಗೆ ಕೆದಕಿದಾಗ, ಕೆರಿಬಿಯನ್ ದ್ವೀಪಗಳಿಂದ ಬಂದ ಎಷ್ಟೋ ಆಟಗಾರರು ವಯಸ್ಸು ಕಡಿಮೆ ಬರೆಸಿಕೊಂಡಿದ್ದು ಹೊರಬಿತ್ತು. ಮೇಷ್ಟ್ರಿಗೆ ಅದೊಂದು ಹಬ್ಬವೇ ಆಯಿತು. ನಾನು ಹೇಳಿರಲಿಲ್ವಾ ಅಂತ ಪೇಪರ್ ಹಿಡಿದು ನಮ್ಮ ಬಾಗಿಲಿಗೇ ಬಂದಿದ್ದರು.

ಅದೇ ಬೇಸಿಗೆ ಅವರ ಕಣ್ಣು ಒಬ್ಬ ಹುಡುಗನ ಮೇಲೆ ಬಿತ್ತು. ನಮಗೆ ಉತ್ತರಕ್ಕಿದ್ದ ಸಣ್ಣ ಊರಿನ ಮರಿ ತಂಡದಲ್ಲಿ ಆಡುತ್ತಿದ್ದ. ದ್ವೀಪದವನು, ಕಪ್ಪಗೆ, ತೆಳ್ಳಗೆ, ಚೆಂಡು ಎಲ್ಲಿಗೆ ಬೀಳುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದನಂತೆ. ಕಾಗದದ ಪ್ರಕಾರ ಹದಿನೆಂಟು ತುಂಬುವುದರಲ್ಲಿತ್ತು. ಹುಟ್ಟಿದ ದಿನ ಜೂನ್ ಒಂದು.

"ಜೂನ್ ಒಂದು!" ಅಂದರು ಮೇಷ್ಟ್ರು. "ನಂದೂ ಜೂನ್ ಒಂದೇ ಕಣಮ್ಮ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಕೂಲಿಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್‌ಮಾಸ್ಟರು ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಸ್ಯಾನ್ ಡಿಯೇಗೋದ ನಮ್ಮ ಕನ್ನಡದವರ ಕೂಟದಲ್ಲಿ ಅರ್ಧ ಜನ ಅಂಕಲ್‌ಗಳು ಒಂದೇ ದಿನ ಹುಟ್ಟಿದವರು. ಮೇಷ್ಟ್ರ ತಾಯಿಗೆ ನೆನಪಿದ್ದದ್ದು ಇಷ್ಟೇ, ಪ್ಲೇಗು ಬಂದು ಊರು ಬಿಟ್ಟಾಗ ಇವರು ಸೊಂಟದ ಮೇಲಿದ್ದರು ಅಂತ. ಆ ಸುಳ್ಳು ತಾರೀಖು ಪಾಸ್‌ಪೋರ್ಟಿನವರೆಗೂ ಬಂದು, ಯಾರಾದರೂ ಕೇಳಿದರೆ ಏನು ಹೇಳಲಿ ಅನ್ನುವ ದಿಗಿಲು ಅವರಿಗೆ ಜೀವಮಾನವಿಡೀ ಇತ್ತು. ಅದಕ್ಕೇ ಇನ್ನೊಬ್ಬನ ಕಾಗದದಲ್ಲಿ ಅದೇ ದಿನ ಕಂಡ ಕೂಡಲೇ ಕಳ್ಳ ಸಿಕ್ಕಿಬಿದ್ದ ಅಂತ ತೀರ್ಮಾನ ಮಾಡಿಬಿಟ್ಟರು.

ಪರೀಕ್ಷೆ ಮಾಡಲು ಅವನನ್ನು ಊಟಕ್ಕೆ ಕರೆದರು. ಬೇಕೆಂದೇ ಜೂನ್ ಒಂದಕ್ಕೆ ಕರೆದರು, ಅವತ್ತು ಅವನಿಗೆ ಆಟವೂ ಇರಲಿಲ್ಲ. "ನಿಜವಾದ ಹುಟ್ಟಿದ ದಿನ ಆದ್ರೆ ಬಾಯಿ ಬಿಡ್ತಾನೆ. ಸುಳ್ಳಾದ್ರೆ ಅವನಿಗೇ ನೆನಪಿರಲ್ಲ, ನೋಡ್ತಿರು. ನಾವಾಗಿ ಎತ್ತಬಾರದು" ಅಂದರು. ನನ್ನನ್ನು ಕರೆದದ್ದು ಎರಡು ಕಾರಣಕ್ಕೆ. ನಾನು ಹಲ್ಲಿನ ಡಾಕ್ಟರು, ಕ್ಲಿನಿಕ್ಕಿಗೆ ಬರುವವರ ಜೊತೆ ಮಾತಾಡಿ ಮಾತಾಡಿ ಸ್ಪ್ಯಾನಿಷ್ ಬರುತ್ತಿತ್ತು. ಇನ್ನೊಂದು, ನಗಿಸಿ ಅವನ ಹಿಂದಿನ ದವಡೆ ಹಲ್ಲು ಬಂದಿದೆಯಾ ನೋಡಬೇಕಂತೆ. ಊಟಕ್ಕೆ ಕರೆದು ಹಲ್ಲು ನೋಡೋಕೆ ಇದೇನು ದನದ ಸಂತೆಯಾ ಮೇಷ್ಟ್ರೇ ಅಂತ ಬೈದೆ. ಹಲ್ಲು ನೋಡಿ ವರ್ಷ ಹೇಳೋಕೆ ಆಗಲ್ಲ ಅಂತಲೂ ಹೇಳಿದೆ. ಆದರೂ ಹೋದೆ.

ಹುಡುಗ ಹೊಸ ನೀಲಿ ಜಾಕೆಟ್ ಹಾಕಿಕೊಂಡು ಬಂದ. ಆ ಸೆಖೆಯಲ್ಲಿ ಜಾಕೆಟ್ ಯಾಕಪ್ಪ ಅಂತ ನನಗೂ ಅನಿಸಿತು. ಚಿಕ್ಕಮ್ಮ ಕೊಡಿಸಿದ್ದು ಅಂದ. ಈ ದೇಶದಲ್ಲಿ ಅವನಿಗಿದ್ದವಳು ಆ ಚಿಕ್ಕಮ್ಮ ಒಬ್ಬಳೇ, ಲಾಂಗ್ ಬೀಚಿನಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದಳು. ಮುಂದೆ ಇವನು ಲಾಸ್ ಏಂಜಲಿಸ್‌ನ ದೊಡ್ಡ ತಂಡಕ್ಕೆ ಬಂದರೆ ತನ್ನ ಜೊತೆಯಲ್ಲೇ ಇರಲಿ ಅಂತ ಒಂದು ರೂಮಿಗೆ ಬಣ್ಣ ಬಳಿಸಿಟ್ಟಿದ್ದಳಂತೆ. ಅಂದರೆ ತಂಡ ಇವನನ್ನು ಉಳಿಸಿಕೊಂಡರೆ ಆ ರೂಮು, ಕೊಟ್ಟುಬಿಟ್ಟರೆ ಯಾರೂ ಇಲ್ಲದ ಎಲ್ಲಿಯದೋ ಊರು.

ಆಂಟಿ ಚಿತ್ರಾನ್ನ, ಅಲಸಂದೆ ಕಾಳಿನ ಹುಳಿ, ಶ್ಯಾವಿಗೆ ಪಾಯಸ ಮಾಡಿದ್ದರು. ನಮ್ಮನೆಯಲ್ಲೂ ಅನ್ನ ಕಾಳೇ ಅಂತ ಹುಡುಗ ಎರಡೆರಡು ಸಲ ಬಡಿಸಿಕೊಂಡ. ಮೇಷ್ಟ್ರು ಸುತ್ತಿ ಬಳಸಿ ಶುರು ಮಾಡಿದರು. ನಿಮ್ಮ ದ್ವೀಪಕ್ಕೆ ದೊಡ್ಡ ಬಿರುಗಾಳಿ ಬಂದಿತ್ತಲ್ಲ, ಆಗ ನೀನು ಎಷ್ಟು ದೊಡ್ಡವನಿದ್ದೆ? ನಾನು ಅನುವಾದಿಸಿದೆ. ಅಮ್ಮ ಎತ್ತಿಕೊಂಡು ಚರ್ಚಿಗೆ ಓಡಿದ್ದಳು, ತಗಡು ಹಾರಿಹೋಗಿತ್ತು ಅಂದ. ಮೇಷ್ಟ್ರ ಕಣ್ಣು ಹೊಳೆಯಿತು. ಕಾಗದದ ಪ್ರಕಾರ ಆಗ ಅವನು ತೊಟ್ಟಿಲ ಕೂಸು, ನೆನಪಿರೋದು ಹೇಗೆ? ಅಮ್ಮ ಎಷ್ಟು ಸಲ ಹೇಳಿದ್ದಾಳೆ ಅಂದರೆ ನಾನೇ ನೋಡಿದ ಹಾಗಿದೆ ಅಂತ ಅವನು ನಕ್ಕ. "ಚೆನ್ನಾಗಿ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ" ಅಂತ ಮೇಷ್ಟ್ರು ಕನ್ನಡದಲ್ಲಿ ಅಂದರು. ನಗುವಾಗ ಹಿಂದಿನ ಹಲ್ಲು ನನಗೆ ಕಾಣಲಿಲ್ಲ, ಕಂಡಿದ್ದರೂ ಹೇಳುತ್ತಿರಲಿಲ್ಲ.

ಆಂಟಿ ಪಾಯಸದ ಬಟ್ಟಲು ಮುಂದಿಟ್ಟಾಗ ಹುಡುಗನ ಕಣ್ಣು ತುಂಬಿಬಂತು. ಥ್ಯಾಂಕ್ಯೂ ಥ್ಯಾಂಕ್ಯೂ ಅನ್ನುತ್ತಲೇ ಇದ್ದ. ಹೋಗುವಾಗ ಆಂಟಿಯನ್ನು ಅಪ್ಪಿಕೊಂಡ. ಶ್ಯಾವಿಗೆ ಪಾಯಸಕ್ಕೆ ಇಷ್ಟು ಕಣ್ಣೀರಾ ಅಂತ ನನಗೂ ಒಂದು ಥರಾ ಅನ್ನಿಸಿದ್ದು ಸುಳ್ಳಲ್ಲ. ಹುಟ್ಟುಹಬ್ಬದ ಮಾತು ಮಾತ್ರ ಅವನ ಬಾಯಲ್ಲಿ ಬರಲೇ ಇಲ್ಲ. ಜಾಕೆಟ್ಟು ಕುರ್ಚಿಯ ಮೇಲೇ ಉಳಿಯಿತು.

ಮೇಷ್ಟ್ರು ಬೆಳಗ್ಗೆ ಎದ್ದವರೇ ನಿಂಬೆಗಿಡದ ಹತ್ತಿರ ನಿಂತು ಫೋನ್ ಮಾಡಿದರು. ಕೊಟ್ಬಿಡಿ ಅಂದರು. ಆ ತಿಂಗಳೊಳಗೆ ಹುಡುಗ ಹಿಮ ಬೀಳುವ ಯಾವುದೋ ಊರಿನ ತಂಡದ ಪಾಲಾದ, ಬದಲಿಗೆ ಇವರಿಗೆ ವಯಸ್ಸಾದ ಒಬ್ಬ ಎಸೆತಗಾರ ಬಂದ. ನನಗೆ ಇವತ್ತಿಗೂ ಒಂದು ಸಂಶಯ. ತಂಡದವರು ಮೊದಲೇ ಕೊಡುವ ಮನಸ್ಸು ಮಾಡಿದ್ದು, ಇವರು ಅವರಿಗೆ ಬೇಕಾದ ಮಾತನ್ನೇ ಹೇಳಿದರೇನೋ... ಕೇಳಿದ್ದಕ್ಕೆ ನನ್ನ ಮೇಲೇ ರೇಗಿದರು. ಜಾಕೆಟ್ ಪೋಸ್ಟ್ ಮಾಡೋಣ ಅಂತ ಆಂಟಿ ಎಷ್ಟು ಸಲ ಹೇಳಿದರೂ ನಾಳೆ ನಾಳೆ ಅನ್ನುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗ ತಾನಾಗಿಯೇ ಬಂದ. ಹೊಸ ತಂಡದಲ್ಲಿ ಮೇಲೇರಿ ದೊಡ್ಡವರ ಜೊತೆ ಆಡುತ್ತಿದ್ದ, ಪಂದ್ಯಕ್ಕೆ ಸ್ಯಾನ್ ಡಿಯೇಗೋಗೆ ಬಂದಿದ್ದ. ಆಂಟಿ ನನ್ನನ್ನೂ ಕರೆದರು. ಈಗ ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆಂಟಿ ಜಾಕೆಟ್ ತಂದು ಕೊಟ್ಟಾಗ ಖುಷಿಯಿಂದ ಹಾಕಿಕೊಂಡ. ತೋಳು ಮಣಿಕಟ್ಟು ಬಿಟ್ಟು ಮೇಲಕ್ಕೆ ಹೋಗಿತ್ತು. ಭುಜ ಬಿಗಿದಿತ್ತು. ನಾನು ಮೇಷ್ಟ್ರ ಮುಖ ನೋಡಿದೆ, ಅವರು ಆ ಮಣಿಕಟ್ಟನ್ನೇ ನೋಡುತ್ತಿದ್ದರು. ಅವರ ಲೆಕ್ಕದಲ್ಲಿ ಅವನು ಊಟಕ್ಕೆ ಬಂದಾಗಲೇ ಇಪ್ಪತ್ತೆರಡರವನು, ಬೆಳವಣಿಗೆ ನಿಂತವನು.

ಹುಡುಗ ನಕ್ಕು ಜಾಕೆಟ್ ಬಿಚ್ಚಿದ. ಯಾರಿಗಾದರೂ ಕೊಟ್ಟುಬಿಡಿ ಅಂದ. ಊಟಕ್ಕೆ ಬಂದ ದಿನ ಬೆಳಗ್ಗೆ ತಾನೇ ಚಿಕ್ಕಮ್ಮ ಅದನ್ನು ಹುಟ್ಟುಹಬ್ಬದ ಉಡುಗೊರೆ ಅಂತ ಕೊಟ್ಟಿದ್ದಳಂತೆ. ನಾನು ಬೇರೆ ತಂಡಕ್ಕೆ ಹೋದ ಮೇಲೆ ಅವಳು ರೂಮು ಬಿಟ್ಟು ದ್ವೀಪಕ್ಕೇ ವಾಪಸ್ ಹೋದಳು, ಯಾರಿಗೋಸ್ಕರ ಇಲ್ಲಿರಲಿ ಅಂದಳು ಅಂದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ.

"ಅಮ್ಮನನ್ನ ಬಿಟ್ಟು ಬಂದ ಮೇಲೆ ನನ್ನ ಹುಟ್ಟುಹಬ್ಬಕ್ಕೆ ಯಾರೂ ಮನೆಗೆ ಕರೆದಿರಲಿಲ್ಲ ಸರ್. ನೀವು ತಾರೀಖು ನೋಡಿಟ್ಟುಕೊಂಡು ಕರೆದಿರಿ. ಸಿಹಿ ಬಂದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ."

ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ಒಳಗೆ ಹೋದರು. ಹುಡುಗ ಹೊರಡುವವರೆಗೂ ಆಚೆ ಬರಲಿಲ್ಲ, ಆಂಟಿಯೇ ಅವರಿಗೆ ಸುಸ್ತು ಅಂತ ಏನೋ ಸಮಾಧಾನ ಹೇಳಿ ಕಳಿಸಿದರು.

ಆ ವರ್ಷವೇ ಮೇಷ್ಟ್ರು ತಂಡದ ಕೆಲಸ ಬಿಟ್ಟರು. ಆಂಟಿಯ ಕೈಲಿ ತೋಳು ಮಡಿಸಿ ಹೊಲಿಸಿಕೊಂಡು ಆ ಜಾಕೆಟ್ಟನ್ನು ತಾವೇ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದರು. ಒಂದು ಸಲ ನಮ್ಮ ಗೇಟಿನ ಹತ್ತಿರ ನಿಂತು, "ಬಿರುಗಾಳಿ ಕೇಳಿದೆ, ಹಲ್ಲು ನೋಡೋಕೆ ಹೇಳಿದೆ. ನಿನ್ನ ಹುಟ್ಟುಹಬ್ಬ ಯಾವತ್ತಪ್ಪ ಅಂತ ಒಂದು ಮಾತು ಕೇಳಲಿಲ್ಲ ನೋಡು" ಅಂದರು. ಪಶ್ಚಾತ್ತಾಪವೋ, ಲೆಕ್ಕ ತಪ್ಪಿದ ಬೇಜಾರೋ... ನಾನು ಕೆದಕಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಮೇಷ್ಟ್ರು ಹೋದರು. ಪುರೋಹಿತರು ವಯಸ್ಸು ಕೇಳಿದಾಗ ಆಂಟಿ ನನ್ನ ಮುಖ ನೋಡಿದರು. ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಹೇಳಿದೆವು. ಉಪ್ಪಿನಕಾಯಿ ಕೊಟ್ಟಾಗ ಅಂಗಡಿದಾ ಅಂತ ಕೇಳುವವರು ಈಗ ಯಾರೂ ಇಲ್ಲ. ಅದಕ್ಕೆ ನನಗೆ ಇನ್ನೂ ದುಃಖವಾಗುತ್ತದೆ.

ಜಾಕೆಟ್ ಈಗ ನಮ್ಮ ಮನೆಯ ಬೀರುವಿನಲ್ಲಿದೆ. ಜೂನ್ ಬಂತು. ಪ್ರತಿ ವರ್ಷ ಒಂದನೇ ತಾರೀಖು ಆಂಟಿ ಬೆಳಗ್ಗೆಯೇ ಫೋನ್ ಮಾಡಿ, ಶ್ಯಾವಿಗೆ ಪಾಯಸ ಮಾಡಿದ್ದೀನಿ ಬಾಮ್ಮ ಅನ್ನುತ್ತಾರೆ. ಹೋಗಿ ತಿಂದು ಬರುತ್ತೇನೆ. ಯಾರ ಹುಟ್ಟುಹಬ್ಬ ಆಂಟಿ ಅಂತ ನಾನು ಕೇಳುವುದಿಲ್ಲ.