ಮಾನ್ವಿ ಗಿರಣಿಯ ಕರಿ ಹೊಗಿ

ಎಪ್ಪತ್ತರ ದಶಕದಾಗ ರಾಯಚೂರಿನಾಗ ನನ್ನ ಕೈಗುಣದ ಬಗ್ಗೆ ಜನ ಮಾತಾಡ್ತಿದ್ರು, ಅದನ್ನ ನಾನೂ ನಂಬಿದ್ದೆ. ಹೊಗಿ ನೋಡಿ ಎಂಜಿನ್ನಿನ ರೋಗ ಹೇಳ್ತೀನಿ ಅನ್ನೂ ಜಂಬ ಇತ್ತು. ಎದುರು ಮಾತಾಡಿದವರಿಗೆ "ಮೆಕ್ಯಾನಿಕ್ ನೀನೋ, ನಾನೋ?" ಅಂತಿದ್ದೆ.

ಒಂದು ಆಷಾಢದಾಗ ಮಾನ್ವಿಯ ಅಕ್ಕಿ ಗಿರಣಿಯಿಂದ ಹೇಳಿ ಕಳಿಸಿದ್ರು. ಕರೆಂಟಿನ ಭರವಸೆ ಇಲ್ಲದ್ದಕ್ಕ ಆ ಗಿರಣಿ ನಡಿತಿದ್ದದ್ದು ಡೀಸಲ್ ಎಂಜಿನ್ ಮ್ಯಾಲ. ಮುಂಜಾನಿ ಚೊಲೋನ ನಡಿತಿತ್ತಂತ. ಮಧ್ಯಾಹ್ನ ಗಾಳಿ ಎದ್ದಿತಂದ್ರ ಕರ್ರಗ ಹೊಗಿ ಕಾರಿ, ದಮ್ಮು ಹತ್ತಿದವರಂಗ ಸುಸ್ತಾಗ್ತಿತ್ತು. ನಾಝಲ್ ಬಿಚ್ಚಿದೆ, ಪಂಪ್ ನೋಡಿದೆ, ಏರ್ ಫಿಲ್ಟರ್ ತೊಳದೆ. ಎಲ್ಲಾ ಸರಿ ಇದ್ವು, ಹೊಗಿ ಮಾತ್ರ ನಿಲ್ಲಲಿಲ್ಲ. ನನಗ ಸಿಟ್ಟು ನೆತ್ತಿಗೇರಿತು.

ಎಂಜಿನ್ ನೋಡಿಕೊಳ್ತಿದ್ದವರು ದೇವದುರ್ಗದ ಕಡೆಯ ಒಬ್ಬ ಸಾಬರು. ಐವತ್ತು ದಾಟಿದ್ರು, ಆ ಎಂಜಿನ್ ಬಂದಾಗಿನಿಂದ ಅಲ್ಲೇ ಇದ್ರು. "ಉಸ್ತಾದ್, ಹಿಂದಿನ ಕಿಟಕಿ ಮುಚ್ಚಿದ್ರ ಸ್ವಲ್ಪ ಚೊಲೋ ನಡಿತದ್ರೀ," ಅಂದ್ರು.

"ಎಂಜಿನ್ನಿಗೆ ಗಾಳಿ ಬ್ಯಾಡೇನು? ಸುಮ್ನಿರ್ರಿ," ಅಂತ ಗದರಿದೆ.

ಅಷ್ಟರಾಗ ಮೂಲ್ಯಾಗ ಒಂದು ಡಬ್ಬಿ ಕಂಡಿತು. ಎಂಜಿನ್ನಿನಿಂದ ಬಸಿದ ಹಳೇ ಆಯಿಲ್, ಅರ್ಧ ಖಾಲಿ. ಉತ್ತರ ಸಿಕ್ಕಂಗಾತು ನನಗ. ಅಂಗಳಕ್ಕ ಬಂದು, ಹಮಾಲರು, ಭತ್ತ ಹರವೋ ಹೆಂಗಸರು ಎಲ್ಲಾರ ಮುಂದ ಗಿರಣಿ ಸಾಹುಕಾರ್ರಿಗೆ ಹೇಳಿಬಿಟ್ಟೆ: "ನಿಮ್ಮ ಮನಿಷ್ಯಾ ಕಳ್ಳ ಅದಾನ್ರೀ. ಡೀಸಲ್ ಹೊರಗ ಮಾರಿ ಹಳೇ ಆಯಿಲ್ ಕಲಸ್ಯಾನ. ಹೊಗಿ ಬರದ ಇನ್ನೇನು ಬರ್ತದ?"

"ಖುದಾ ಕಸಂ, ನಾ ಮಾರಿಲ್ರೀ," ಅಂತ ಸಾಬರು ಎರಡು ಸಲ ಅಂದ್ರು. ಸಾಹುಕಾರ್ರು ಕೇಳಲಿಲ್ಲ, ಅವತ್ತ ಕೆಲಸದಿಂದ ಬಿಡಿಸಿದ್ರು. ನಾ ಚಹಾ ಕುಡದು ಬಸ್ ಹತ್ತಿದೆ.

ಎಂಟು ದಿನಕ್ಕ ಮತ್ತ ಕರೆಸಿದ್ರು. ಹೊಸಾ ಮನಿಷ್ಯಾ, ಹೊಸಾ ಡೀಸಲ್, ಅದೇ ಕರಿ ಹೊಗಿ. ನಾ ತಲಿ ಕೆರಕೋತ ನಿಂತಾಗ ಹಿರೇಕೊಟ್ನೆಕಲ್ಲಿನ ಬಂಡಿಯವನೊಬ್ಬ ಬಾಗಿಲಾಗ ಇಣುಕಿದ. "ಬಂಡಿ ಅಚ್ಚಿಗೆ ಒಂದೀಟು ಹಳೇ ಆಯಿಲ್ ಕೊಡ್ರೆಪಾ. ಸಾಬರು ಯಾವಾಗ್ಲೂ ನಮಗೆಲ್ಲಾ ಕೊಡ್ತಿದ್ರು."

ಡಬ್ಬಿ ಅರ್ಧ ಖಾಲಿ ಆದದ್ದು ಹಂಗ! ಸಾಬರು ಹೇಳಿದ ಕಿಟಕಿ ನೆನಪಾಗಿ ಗಿರಣಿಯ ಹಿಂದಕ್ಕ ಹೋಗಿ ನೋಡಿದೆ. ಕುದಿಸಿ ಹರವಿದ ಭತ್ತದ ಮ್ಯಾಲ ಮಸಿ ಬೀಳ್ತದಂತ ಸಾಹುಕಾರ್ರು ಬೇಸಿಗ್ಯಾಗ ಹೊಗಿ ಪೈಪನ್ನ ಅಂಗಳದ ಕಡೆಯಿಂದ ಹಿಂದಿನ ಗೋಡಿಗೆ ತಿರುಗಿಸಿದ್ರು. ಆಷಾಢದ ಗಾಳಿ ಆ ಹೊಗಿನ ತಿರುಗಾ ಕಿಟಕಿಯೊಳಗ ನೂಕಾಕತ್ತಿತ್ತು. ಕಿಟಕಿ ಬಾಜೂಕ ಏರ್ ಫಿಲ್ಟರ್. ಎಂಜಿನ್ ತಾ ಬಿಟ್ಟ ಹೊಗಿನ ತಾನ ಕುಡ್ಯಾಕತ್ತಿತ್ತು. ಕಿಟಕಿ ಮುಚ್ಚಿದೆ. ಒಂದು ಬೀಡಿ ಮುಗಿಯೂದ್ರಾಗ ಹೊಗಿ ತಿಳಿಯಾತು. ನಾಚಿಕಿ ಆತು, ಭಾಳ ಆತು.

ಸಾಹುಕಾರ್ರಿಗೆ ಅವರ ಖೋಲ್ಯಾಗ ಮೆತ್ತಗ ಹೇಳಿದೆ. "ಹೋಗಿ ಕರಕೊಂಡ್ ಬರ್ರಿ," ಅಂದ್ರು.

ಮರುದಿನ ದೇವದುರ್ಗಕ್ಕ ಹೋದೆ. ಸಾಬರು ಮನಿ ಕಟ್ಟಿ ಮ್ಯಾಲ ಕುಂತಿದ್ರು. ಪೂರಾ ಕೇಳಿ, "ಕೆಲಸ ಎಲ್ಲ್ಯಾದ್ರೂ ಸಿಗ್ತದ್ರೀ. ಅಂಗಳದಾಗ ನಿಂತು ಕಳ್ಳ ಅಂದ್ರಿ. ಅಲ್ಲೇ ನಿಂತು ಕಳ್ಳ ಅಲ್ಲ ಅನ್ರಿ, ಬರ್ತೀನಿ," ಅಂದ್ರು. ಹೂಂ ಅಂದೆ.

ಮಾನ್ವಿಗೆ ಬಂದ ಮ್ಯಾಲ ಅವರು ಎಂಜಿನ್ ಕಡೆ ಹೋಗಲಿಲ್ಲ, ಅಂಗಳದ ನಡುವ ನಿಂತ್ರು. ಹಮಾಲರು ಹೆಗಲಿನ ಚೀಲ ಇಳಿಸಿ ನನ್ನ ನೋಡಿದ್ರು. ಇಡೀ ಎಂಜಿನ್ ಬಿಚ್ಚಿ ಜೋಡಿಸಿದ್ರೂ ಅಷ್ಟು ಬೆವರ್ತಿರಲಿಲ್ಲ ನಾನು.

"ಸಾಬರು ಡೀಸಲ್ ಮಾರಿಲ್ಲ. ತಪ್ಪು ನಂದು," ಅಂದೆ.

ಸಾಬರು ಕದಲಲಿಲ್ಲ. "ಉಸ್ತಾದ್, ಅವತ್ತ ಇದಕ್ಕಿಂತ ಜೋರಾಗಿ ಅಂದಿದ್ರಿ."

ಭತ್ತ ಹರವೋ ಹೆಂಗಸರ ತನಕ ಕೇಳೂವಂಗ ಇನ್ನೊಮ್ಮೆ ಅಂದೆ. ಆಮ್ಯಾಲ ಸಾಬರು ಒಳಗ ಎಂಜಿನ್ ಕಡೆ ಹೋದ್ರು.