ಮಿಡಿಗೇಶಿ ದಾಟಿದ ಮೇಲೆ ಕೇಳಿದ ನೀರು

ಕೊರಟಗೆರೆ ಬಿಟ್ಟಾಗ ಬೆಳಿಗ್ಗೆ ಎಂಟು ಗಂಟೆ. ಪಾವಗಡದಲ್ಲಿ ನಾದಿನಿಯ ಮಗುವಿಗೆ ಹನ್ನೊಂದೂವರೆಗೆ ನಾಮಕರಣವಿತ್ತು. ಬಸ್ಸಿನಲ್ಲಿ ಹೋಗೋಣ ಎಂದ ನನ್ನ ಹೆಂಡತಿ ಸುಧಾಳ ಮಾತನ್ನು ತಳ್ಳಿಹಾಕಿ, ಇಪ್ಪತ್ತು ವರ್ಷದ ನಮ್ಮ ಹಳೇ ಕಾರನ್ನೇ ಹೊರಡಿಸಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಇಂಜಿನ್ನಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವ ಅಭ್ಯಾಸವಿರಲಿಲ್ಲ.

ಮಧುಗಿರಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಪ್ಲೇಟಿಗೆ ನಲವತ್ತು ರೂಪಾಯಿ, ಚಟ್ನಿ ಕಣ್ಣಲ್ಲಿ ನೀರು ಬರುವಷ್ಟು ಖಾರ. ತಂದಿದ್ದ ಬಾಟಲಿ ನೀರು ಅಲ್ಲೇ ಖಾಲಿಯಾಯಿತು. ಮತ್ತೆ ತುಂಬಿಸಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಮಿಡಿಗೇಶಿಯ ಕೋಟೆ ಬೆಟ್ಟ ಹಿಂದೆ ಸರಿದ ಮೇಲೆ ಸುಧಾ ಸೆಕೆ ತಡೆಯಲಾರದೆ ಏಸಿ ಹಾಕಿದಳು. ಶಾಖ ತೋರಿಸುವ ಮುಳ್ಳು ಒಮ್ಮೆಗೇ ಎದ್ದು ಕೆಂಪು ಗೆರೆ ಮುಟ್ಟಿತು.

“ಇಂಜಿನ್ ಕಾದೋಯ್ತು! ಯಾಕೆ ಹಾಕ್ದೆ ಅದನ್ನ?” ಎಂದು ರೇಗಿದೆ.

“ಹೊಗೆನೂ ಇಲ್ಲ, ವಾಸ್ನೆನೂ ಇಲ್ವಲ್ರೀ.”

“ನಿಂಗೇನ್ ಗೊತ್ತಾಗ್ತದೆ? ಸುಮ್ನಿರು.”

ಆ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಆ ದಿನ ಮಾಡಿದ್ದರಲ್ಲಿ ಅದು ಸಣ್ಣದು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಕಣ್ಣು ಹಾಯಿಸಿದಷ್ಟೂ ಬಯಲು. ಒಂದು ಹೊಂಗೆ ಮರದಡಿ ವಯಸ್ಸಾದ ಹೆಂಗಸೊಬ್ಬಳು ಕುರಿ ಮೇಯಿಸುತ್ತಿದ್ದಳು. ಆಕೆಯ ಹತ್ತಿರ ಐದು ಲೀಟರಿನ ಕ್ಯಾನಿತ್ತು, ಮಡಿಲ ಪಕ್ಕದಲ್ಲಿ ತಿಂಗಳು ತುಂಬಿದಂತಿದ್ದ ಎರಡು ಮರಿಗಳು.

“ಅಮ್ಮಾ, ಇಂಜಿನ್ ಸುಟ್ಟೋಗ್ತದೆ, ನೀರು ಕೊಡಮ್ಮ,” ಎಂದೆ.

“ಸಂಜೆಗಂಟ ನಂಗೂ ಈ ಮರಿಗೋಳ್ಗೂ ಇದೇಯ ಕಣಪ್ಪ,” ಎಂದು ಕ್ಯಾನಿನ ಮೇಲೆ ಕೈ ಇಟ್ಟಳು. ಮರುಗಳಿಗೆ ತಾನೇ ಎತ್ತಿ ಕೊಟ್ಟಳು. “ತಗೋ. ನೀರು ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಅಂತ ನಮ್ಮತ್ತೆ ಯೋಳೋರು.”

ಕಾಲು ಗಂಟೆ ಕಾದು ರೇಡಿಯೇಟರಿನ ಮುಚ್ಚಳ ತೆಗೆದು ಸುರಿದೆ. ಒಂದು ಲೋಟವೂ ಹಿಡಿಸದೆ ಉಕ್ಕಿ ಹರಿಯಿತು. ಅದರ ಅರ್ಥವೇನೆಂದು ಯೋಚಿಸುವ ಬದಲು, ತಣ್ಣಗಾಗಲಿ ಎಂದು ಉಳಿದದ್ದನ್ನೆಲ್ಲ ಮೇಲಿನಿಂದ ಹೊಯ್ದೆ. ಟಾರಿನ ಮೇಲೆ ನಿಂತ ನೀರನ್ನು ಮರಿಗಳು ಬಂದು ನೆಕ್ಕಿದವು. ನಾನು ಅದರ ಫೋಟೋ ತೆಗೆದೆ.

ಏಸಿ ಇಲ್ಲದೆ ಹೊರಟಾಗ ಮುಳ್ಳು ಅರ್ಧದಲ್ಲೇ ನಿಂತಿತ್ತು. “ನೋಡ್ದ್ಯಾ?” ಎಂದು ಸುಧಾಳನ್ನು ಕೆಣಕಿದೆ. ನಾಮಕರಣದ ಊಟದ ಪಂಕ್ತಿಯಲ್ಲಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಂಜಿನ್ ಉಳಿಸಿದ ಕಥೆಯನ್ನು ನೆಂಟರಿಗೆಲ್ಲ ಹೇಳಿದೆ.

ವಾಪಸ್ಸು ಹೊರಡುವ ಮೊದಲು ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ಕಾರು ತೋರಿಸಿದೆವು. ಮೆಕ್ಯಾನಿಕ್ ರಫೀಕ್ ಸಾಬರು ಶಿರಾ ಕಡೆಯವರು. ಹತ್ತು ನಿಮಿಷ ಇಂಜಿನ್ ಓಡಿಸಿದರು. ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಂತಿತು. ಶಾಖ ಅಳೆಯುವ ಪಿಸ್ತೂಲಿನಂಥ ಉಪಕರಣವನ್ನು ಪೈಪುಗಳಿಗೆ ಹಿಡಿದು ನೋಡಿದರು.

“ಇಂಜಿನ್ ಬರಾಬರ್ ಐತೆ ಸಾರ್. ಎಷ್ಟು ನೀರು ಹಿಡೀತು?”

“ಒಂದು ಲೋಟವೂ ಇಲ್ಲ.”

“ಅರೆ! ಅಂಗಾದ್ರೆ ತುಂಬೇ ಇತ್ತಲ್ಲ?”

ಹೆಡ್‌ಲೈಟ್ ಹಾಕಿದರು. ಮುಳ್ಳು ಚಂಗನೆ ಕೆಂಪಿಗೆ ಹಾರಿತು. ಆರಿಸಿದರು. ಇಳಿಯಿತು.

“ಬೆಂಕಿ ಹಿಂಗೆ ಕುಪ್ಪಳ್ಸಲ್ಲ ಸಾರ್. ಕಾಯಾಕೂ ಟೈಮ್ ಬೇಕು, ಆರಾಕೂ ಟೈಮ್ ಬೇಕು. ಮೀಟರಿನ ಅರ್ತ್ ವೈರ್ ಲೂಸಾಗೈತೆ. ಕರೆಂಟ್ ಜಾಸ್ತಿ ಎಳ್ದಾಗೆಲ್ಲ ಮುಳ್ಳು ಸುಳ್ಳು ಹೇಳ್ತೈತೆ, ಏಸಿ ಹಾಕಿದ್ರೂ ಇದೇ ಆಟ.”

ಶಾಖ ಏರಲೂ ಇಳಿಯಲೂ ಹೊತ್ತು ಬೇಕು: ಪ್ರತಿ ವರ್ಷ ಎಂಟನೇ ಕ್ಲಾಸಿಗೆ ನಾನು ಮಾಡುವ ಪಾಠ ಅದು. ಆ ಮುದುಕಿಯ ನೀರನ್ನು ರಸ್ತೆಗೆ ಚೆಲ್ಲಿ ಬಂದಿದ್ದೆ, ಅದೂ ಕಾಯದ ಇಂಜಿನ್ನಿಗೆ.

ಶಿರಾ ಮೇಲೆ ಹೋಗಿ ಗೆಳೆಯರೊಬ್ಬರನ್ನು ಕಾಣುವ ಯೋಚನೆ ಬಿಟ್ಟು, ಇಪ್ಪತ್ತು ಲೀಟರಿನ ಕ್ಯಾನು ಕೊಂಡು ಬಂದ ದಾರಿಯಲ್ಲೇ ಹೊರಟೆ. ನಿಜ ಹೇಳಿ ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ನಾಲ್ಕು ಗಂಟೆಗೆ ಆಕೆ ಇನ್ನೊಂದು ಮರದ ನೆರಳಿನಲ್ಲಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ನಾನು ಬಾಯಿ ತೆಗೆಯುವ ಮೊದಲೇ ಕೇಳಿದಳು:

“ಕಾರು ತಣ್ಗಾಯ್ತೇನಪ್ಪಾ?”

“ಆಯ್ತಮ್ಮ,” ಎಂದೆ. “ನಿನ್ನ ನೀರಿಲ್ದಿದ್ರೆ ಸುಟ್ಟೇ ಹೋಗ್ತಿತ್ತು.”

ಸುಧಾ ನನ್ನ ಮುಖ ನೋಡಿದಳು.

“ಅಷ್ಟಾದ್ರೆ ಸಾಕು ಬುಡು,” ಎಂದು ಆಕೆ ನಕ್ಕಳು. “ಬೆಳಿಗ್ಗಿಂದ್ಲೂ ಅದೇ ಯೋಚ್ನೆ ಕಣಪ್ಪ ನಂಗೆ. ಐದೇ ಲೀಟ್ರು, ಸಾಲ್ತೋ ಇಲ್ವೋ ಅಂತ.”

ಕ್ಯಾನು ಇಳಿಸಿ ಕಾರು ಹತ್ತಿದೆ. ಕನ್ನಡಿಯಲ್ಲಿ ನೋಡಿದಾಗ ಆಕೆ ಬೊಗಸೆಯಲ್ಲಿ ನೀರು ಹಿಡಿದು ಮೊದಲು ಮರಿಗಳಿಗೆ ಕುಡಿಸುತ್ತಿದ್ದಳು. ಜೋಡಿಸಿಕೊಂಡಿದ್ದ ಮಾತು ಹೇಳಲು ನಾನು ಕಾರು ತಿರುಗಿಸಲಿಲ್ಲ.